ಯಜಮಾನರನ್ನು ಕೇಳಿ ಹೇಳ್ತೇನೆ

ಸ್ವರ್ಣಲತಾ ಸೋನ್ಸ್, ಗಂಡ ಹಾಕಿದ ಗೆರೆ ದಾಟದ ಹೆಂಗಸೆಂದು ನೆರೆಮನೆಯ, ಹೋಟೆಲು ನಡೆಸುವ ಮೋಹನದಾಸರು ವರ್ಷಗಟ್ಟಲೆ ನಂಬಿದ್ದರು. ರಬಾಳೆಯ ಕಾರ್ಖಾನೆಯಲ್ಲಿ ಮೂವತ್ತು ಜನರನ್ನು ಆಳುವ ಈಕೆ ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿದ್ದ ತಮ್ಮ ಕಟ್ಟಡಕ್ಕೆ ಮರಳಿದರೆ ಏನು ಕೇಳಿದರೂ ಒಂದೇ ಉತ್ತರ: “ಯಜಮಾನರನ್ನು ಕೇಳಿ ಹೇಳ್ತೇನೆ.”

ಮೇಲಿನ ಮನೆಯ ಕಲ್ಲವ್ವನ ಒದ್ದೆ ಸೀರೆ ಇವರ ಹಪ್ಪಳದ ಮೇಲೆ ಮಳೆ ಸುರಿಸಿದ ದಿನ, ಜಗಳ ನೋಡಲು ಬಾಲ್ಕನಿಗಳೆಲ್ಲ ತುಂಬಿದ್ದವು. ಸ್ವರ್ಣಲತಾ ಅದೇ ಮಾತು ಹೇಳಿ ಒಳಗೆ ಹೋದರು. ಮರುದಿನ ಹೊಸ ಹಗ್ಗ ಹಿಡಿದು ಮೇಲೆ ಹೋಗಿ, ಆಚೆ ಬದಿಗೆ ತಾವೇ ಕಟ್ಟಿಕೊಟ್ಟು, ಕಲ್ಲವ್ವನ ಚಹಾ ಕುಡಿದು ಬಂದರು. ಮೋಹನದಾಸರು ಗಂಡ ರಂಜನ್ ಅವರ ವಿವೇಕವನ್ನು ಬಾಯ್ತುಂಬ ಹೊಗಳಿದರು.

೨೦೦೯ರಲ್ಲಿ ಕಟ್ಟಡದ ಸೊಸೈಟಿಯ ಚೇರ್ಮನ್ ಚುನಾವಣೆ ಬಂತು. ಮೋಹನದಾಸರ ಎದುರಾಳಿ ಕಲ್ಲವ್ವನ ಗಂಡ ಬಸಲಿಂಗಪ್ಪ. ಮನೆಗೊಂದೇ ಮತ; ಮೊದಲೇ ಲೆಕ್ಕ ಹಾಕಿದರೆ ಇಬ್ಬರಿಗೂ ಸಮಸಮ. ಉಳಿದದ್ದು ಸ್ವರ್ಣಲತಾ ಒಬ್ಬರದ್ದೇ. ಆಕೆ “ಯಜಮಾನರನ್ನು…” ಎನ್ನುವಷ್ಟರಲ್ಲಿ ಮೋಹನದಾಸರು ಹೋಟೆಲಿಗೆ ಓಡಿದ್ದರು. ಅಂದಿನಿಂದ ರಂಜನ್‌ಗೆ ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. ‘ಚೇರ್ಮನ್’ ಎಂಬ ಹಿತ್ತಾಳೆ ಫಲಕಕ್ಕೂ ಆರ್ಡರ್ ಹೋಯಿತು.

“ಹೇಗೆ, ಮನೆಯವರು ನಿಮ್ಮನ್ನು ಕೇಳಿದ್ರಾ?” ಎಂದರು ಮೋಹನದಾಸರು ಕೊನೆಗೆ.

“ನನ್ನನ್ನಾ? ನನ್ನ ಅಂಗಿಯ ಬಣ್ಣವನ್ನೂ ಅವಳು ನನ್ನಲ್ಲಿ ಕೇಳುದಿಲ್ಲ ಮಾರಾಯ್ರೆ!” ರಂಜನ್ ತೇಗಿದರು. “ಅವಳ ಯಜಮಾನ ಮೇಲಿದ್ದಾನೆ.”

ಮೇಲಿದ್ದವನು ಬಸಲಿಂಗಪ್ಪ! ಮೋಹನದಾಸರು ಲುಂಗಿ ಎತ್ತಿಕೊಂಡು ಮೆಟ್ಟಿಲು ಹಾರಿದರು.

“ಏನ್ರೀ, ಸ್ವರ್ಣಲತಾ ನಿಮ್ಮ ಮಾತು ಕೇಳುದಂತೆ?”

“ಯಪ್ಪಾ! ನನ್ನ ಮಾತು ನಮ್ಮ ಕಲ್ಲವ್ವನೇ ಕೇಳಂಗಿಲ್ಲ!” ಬಸಲಿಂಗಪ್ಪ ಬೆದರಿದರು.

ಒಳಗಿಂದ ಕಲ್ಲವ್ವ ನಗುತ್ತಾ ಬಂದಳು. “ಅಕ್ಕಾರು ಕೇಳೂದು ಯೇಸುಸ್ವಾಮೀನ್ನರೀ. ಹಗ್ಗ ಕಟ್ಟಿದ ದಿನಾನ ನನಗ ಹೇಳ್ಯಾರ.”

ಮೋಹನದಾಸರು ಏದುಸಿರು ಬಿಡುತ್ತಾ ಕೆಳಗಿಳಿದು ಸ್ವರ್ಣಲತಾ ಅವರ ಬಾಗಿಲು ಬಡಿದು, “ನಿಮ್ಮ ಯಜಮಾನ ಅಂದ್ರೆ ಯೇಸುಸ್ವಾಮಿಯಾ?” ಎಂದರು.

“ಹೌದು,” ಎಂದರು ಸ್ವರ್ಣಲತಾ. “ನನಗೆ ಕರ್ತನ ಭಯ ಉಂಟು. ಅವನೆದುರು ಆಡ್ಲಿಕ್ಕಾಗದ ಮಾತು ನಿಮ್ಮೆದುರೂ ಆಡ್ಲಿಕ್ಕಿಲ್ಲ. ಹಾಗೆ ಮೊದಲು ಅವನೆದುರು ಕೂತುಕೊಳ್ಳುದು. ಸಿಟ್ಟು ಇಳೀತದೆ, ಆಸೆಯೂ ಇಳೀತದೆ. ಆಮೇಲೆ ಉಳಿದದ್ದನ್ನು ಮಾಡುದು. ವೋಟು ನಿಮಗೇ ಹಾಕುವ ಅಂತಿದ್ದೆ. ಈಗ ಪ್ರಾರ್ಥನೆಗೆ ಕಣ್ಣು ಮುಚ್ಚಿದ್ರೆ ನೀವು ವೋಟಿಗೆ ಕೊಟ್ಟ ಬನ್ಸೇ ಕಾಣ್ತದೆ.”

ಮೋಹನದಾಸರು ಆಸೆ ಬಿಡಲಿಲ್ಲ. ಭಾವಿ ಚೇರ್ಮನ್ನರ ಗತ್ತಿನಲ್ಲಿ ಗಂಟಲು ಸರಿಪಡಿಸಿಕೊಂಡರು.

“ಅದೆಲ್ಲ ಇರ್ಲಿ, ದೇವರ ವೋಟು ಯಾರಿಗಂತೆ?”

“ದೇವರಿಗೆ ಈ ಸೊಸೈಟಿಯಲ್ಲಿ ವೋಟಿಲ್ಲ. ನನಗುಂಟು. ನಿಮಗೆ ಹಾಕುದಿಲ್ಲ.”