ಕಂಪ್ರೆಸರ್ ಸದ್ದಿನಲ್ಲಿ ಕೇಳಿದ ಮಾತು

ಯಾರಾದರೂ ತಮಗೆ ಕಾಣದ ದನಿಯೊಂದು ಕೇಳಿಸಿತು ಎಂದರೆ, ಅವರಿಗೆ ನಿದ್ದೆ ಸಾಲದಾಗಿದೆ ಎಂದು ನಗುತ್ತಿದ್ದವನು ನಾನು. ಮುಂಡರಗಿಯಲ್ಲಿ ನಮ್ಮದು ತಲೆತಲಾಂತರದಿಂದ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಅಂಥ ಕಥೆಗಳನ್ನು ಕೇಳಿ ಬೇಸತ್ತೇ ನಾನು ಕಲ್ಲುಮಣ್ಣಿನ ಶಾಸ್ತ್ರ ಓದಿದೆ ಎಂದರೂ ನಡೆದೀತು. ಇದನ್ನು ಓದಿ ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಬೆಟಗೇರಿಯ ಅಂಚಿನಲ್ಲಿ, ನೂಲಿಗೆ ಬಣ್ಣ ಹಾಕಿದ ನೀರು ಹರಿದು ನಿಲ್ಲುವ ಒಂದು ತಗ್ಗಿತ್ತು. ಆ ನೀರು ನೆಲದೊಳಗೆ ಇಳಿದು ಸುತ್ತಲಿನ ಬಾವಿಗಳನ್ನು ಸೇರುತ್ತಿದೆಯೇ ಎಂದು ತಿಳಿಯಲು ಅಲ್ಲಲ್ಲಿ ಬೋರು ಕೊರೆದು ಮಣ್ಣು, ನೀರು ಪರೀಕ್ಷಿಸುವುದು ನಮ್ಮ ಕೆಲಸ. ನಾನು ಆ ತಂಡದ ಹೊಸ ಅಧಿಕಾರಿ. ಕೊರೆಯುವ ಯಂತ್ರ ನಡೆಸುವವರು ಲಕ್ಷ್ಮೇಶ್ವರದ ಖಾದರಸಾಬರು, ಐವತ್ತು ದಾಟಿದವರು. ವರ್ಷಗಟ್ಟಲೆ ಆ ಸದ್ದಿನ ಪಕ್ಕದಲ್ಲೇ ನಿಂತು ಅವರ ಕಿವಿ ಹೆಚ್ಚುಕಡಿಮೆ ಹೋಗಿಯೇಬಿಟ್ಟಿತ್ತು. ಹತ್ತಿರ ಹೋಗಿ ಕೂಗಿದರೆ ಅಷ್ಟಿಷ್ಟು ಕೇಳಿಸುತ್ತಿತ್ತು. ಯಂತ್ರ ಸುರುವಾದರೆ ಕಿವಿ ನೆಟ್ಟಗಿದ್ದವರಿಗೂ ಮಾತು ಕೇಳಿಸುತ್ತಿರಲಿಲ್ಲ, ಎಲ್ಲವೂ ಕೈಸನ್ನೆಯಲ್ಲೇ.

ಆ ದಿನ ಬೆಳಿಗ್ಗೆ ಖಾದರಸಾಬರು ನನ್ನನ್ನು ಕರೆದು, ಕಂಪ್ರೆಸರ್‌ನಿಂದ ಯಂತ್ರಕ್ಕೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪಿನ ಜೋಡಣೆಯನ್ನು ಬಿಗಿದು ಹಿಡಿಯುವ ಕಬ್ಬಿಣದ ಪಟ್ಟಿ ತೋರಿಸಿದರು.

"ಸಾಹೇಬ್ರ, ಈ ಕ್ಲಾಂಪ್ ಸವದೈತ್ರಿ. ಗದಗಿಗೆ ಹೋಗಿ ಹೊಸಾದು ತರೂಣು."

ಗದಗ ಪಕ್ಕದಲ್ಲೇ ಇದ್ದರೂ, ಯಂತ್ರ ನಿಲ್ಲಿಸಿ, ಅಂಗಡಿ ಅಂಗಡಿ ಅಲೆದು ತಂದು ಹಾಕುವುದೆಂದರೆ ಅರ್ಧ ದಿನ ಹಾಳು. ಮೇಲಿನವರಿಗೆ ಆ ವಾರವೇ ವರದಿ ಕಳಿಸುವ ಆತುರ ನನಗೆ. ಈ ಬೋರು ಮುಗಿಯಲಿ, ಆಮೇಲೆ ನೋಡೋಣ ಎಂದೆ. ಅವರು ಜೋಡಣೆಗೆ ತಂತಿ ಸುತ್ತಿ ಬಿಗಿದು, ತಮ್ಮ ಜಾಗಕ್ಕೆ ಹೋಗಿ ನಿಂತರು.

ಮಧ್ಯಾಹ್ನದ ಬಿಸಿಲು. ನಾನು ಬಾಯಿಗೆ ಹಸಿ ಬಟ್ಟೆ ಕಟ್ಟಿಕೊಂಡು, ಬೋರಿನ ಬಾಯಿಯ ಬಳಿ ಕುಕ್ಕರುಗಾಲಲ್ಲಿ ಕುಳಿತು, ಮೇಲೆ ಹಾರಿ ಬರುವ ಕಲ್ಲುಪುಡಿಯನ್ನು ಜರಡಿಯಲ್ಲಿ ಹಿಡಿಯುತ್ತಿದ್ದೆ. ಆಗ ಕೇಳಿಸಿತು.

"ಹಿಂದಕ ಸರಿ."

ಕೂಗಿದ ದನಿಯಲ್ಲ. ಪಡಸಾಲೆಯಲ್ಲಿ ಪಕ್ಕಕ್ಕೆ ಕುಳಿತವರು ಹೇಳಿದಂತಿತ್ತು. ಕಂಪ್ರೆಸರ್ ಸದ್ದು ಸ್ವಲ್ಪವೂ ತಗ್ಗಿರಲಿಲ್ಲ. ಆದರೂ ಆ ಎರಡು ಮಾತು ಸ್ಪಷ್ಟವಾಗಿ ಕೇಳಿಸಿದವು. ಯಾರೆಂದು ನೋಡಲು ಎದ್ದು ನಾಲ್ಕೈದು ಹೆಜ್ಜೆ ಹಿಂದೆ ಬಂದೆ. ನೋಡಿದರೆ ಖಾದರಸಾಬರೂ ಯಂತ್ರ ನಡೆಸುವ ಲಿವರಿನ ಹಿಡಿ ಬಿಟ್ಟು, ಯಾರನ್ನೋ ಹುಡುಕುವವರಂತೆ ಅತ್ತಿತ್ತ ನೋಡುತ್ತ ನನ್ನ ಕಡೆಗೇ ಬರುತ್ತಿದ್ದಾರೆ.

ಅಷ್ಟರಲ್ಲಿ ಪೈಪು ಕಿತ್ತುಕೊಂಡಿತು. ಗಾಳಿಯ ರಭಸಕ್ಕೆ ನೆಲದಿಂದೆದ್ದು ಅಪ್ಪಳಿಸಿತು. ನಾನು ಕುಳಿತಿದ್ದ ಜಾಗದಲ್ಲಿದ್ದ ಜರಡಿ ನುಚ್ಚುನೂರಾಯಿತು. ಖಾದರಸಾಬರು ನಿಂತಿದ್ದಲ್ಲಿನ ಲಿವರ್ ಬಾಗಿಹೋಯಿತು. ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ ಮಲ್ಲಪ್ಪ ಓಡಿ ಎಂಜಿನ್ ನಿಲ್ಲಿಸಿದ.

ಧೂಳು ಇಳಿದ ಮೇಲೆ ಖಾದರಸಾಬರು ನನ್ನ ತೋಳು ಹಿಡಿದರು. "ನೀವ ಕರದ್ರೇನ್ರಿ?"

ಇಲ್ಲವೆಂದು ತಲೆಯಾಡಿಸಿದೆ.

"ಯಾರೋ 'ಖಾದರಾ' ಅಂದ್ರು. ಮನ್ಯಾಗ ಕರದಂಗ ಕರದ್ರು. ಖರೆ ಹೇಳ್ತೀನಿ, ಇಷ್ಟು ಸ್ವಚ್ಛ ಮಾತು ಕೇಳಿ ನನಗ ಭಾಳ ವರ್ಷಾಗಿತ್ತು."

ಅವರ ಕಣ್ಣು ತುಂಬಿತ್ತು. ಮಲ್ಲಪ್ಪನನ್ನು ಕೇಳಿದೆವು. ಅವನಿಗೇನೂ ಕೇಳಿಸಿರಲಿಲ್ಲ. ನಾವಿಬ್ಬರೂ ಒಮ್ಮೆಗೇ ಹಿಂದೆ ಸರಿದದ್ದು ಕಂಡು, ಊಟಕ್ಕೆ ಎದ್ದರು ಎಂದುಕೊಂಡನಂತೆ. ಸುತ್ತ ಬಯಲು, ಮತ್ತೊಬ್ಬ ಮನುಷ್ಯನಿರಲಿಲ್ಲ.

ನನ್ನನ್ನು ಕಾಡುತ್ತಿದ್ದುದು ಆ ದನಿಯಲ್ಲ, ಬೆಳಿಗ್ಗೆ ನಾನು ಕೊಟ್ಟ ಉತ್ತರ. ತಪ್ಪು ನನ್ನದು ಎಂದು ಅವರ ಕಿವಿಯ ಹತ್ತಿರ ಹೋಗಿ ಕೂಗಿ ಹೇಳಿದೆ. ಅವರು ನನ್ನ ಬೆನ್ನಿನ ಮೇಲಿನ ಧೂಳು ಜಾಡಿಸಿದರು, ಅಷ್ಟೆ. ಹೊಸ ಪೈಪು, ಕ್ಲಾಂಪು ಮತ್ತು ಜೋಡಣೆ ಬಿಚ್ಚಿದರೂ ಪೈಪು ಹಾರದಂತೆ ಹಿಡಿಯುವ ಸರಪಳಿ ಬರುವ ತನಕ ಯಂತ್ರ ಸುರುಮಾಡಲಿಲ್ಲ. ವರದಿ ತಡವಾಯಿತು, ಬೈಸಿಕೊಂಡೆ. ಎಲ್ಲರ ಕಿವಿಗೂ ಸದ್ದು ತಡೆಯುವ ಮುಚ್ಚಳ ತರಿಸಿದೆ. ಖಾದರಸಾಬರು ಸಾಕು ಎಂದು ಕೈ ಎತ್ತಿದರೆ, ಯಾರ ಅಪ್ಪಣೆಗೂ ಕಾಯದೆ ಕೆಲಸ ನಿಲ್ಲಬೇಕು ಎಂದು ಗೊತ್ತುಮಾಡಿದೆ. ಆಮೇಲೆ ಶಿರಹಟ್ಟಿ ಕಡೆಗೂ ಎಷ್ಟೋ ಬೋರು ಕೊರೆದೆವು. ಒಬ್ಬರ ಬೆರಳಿಗೂ ಪೆಟ್ಟಾಗಲಿಲ್ಲ.

ಡಾಕ್ಟರ್ ಗೆಳೆಯನೊಬ್ಬ, ಗಾಳಿ ಸೋರುವ ಸಪ್ಪಳ ಬದಲಾದದ್ದು ನಿನ್ನ ಮನಸ್ಸಿಗೆ ತಿಳಿದಿರಬೇಕು ಎಂದ. ಇರಬಹುದು. ಆದರೆ ಖಾದರಸಾಬರಿಗೆ? ಅದೇ ಗಳಿಗೆಯಲ್ಲಿ, ಹೆಸರು ಹಿಡಿದು?

ಅವರು ನಿವೃತ್ತರಾದ ಮೇಲೆ ಒಮ್ಮೆ ಲಕ್ಷ್ಮೇಶ್ವರದ ಅವರ ಮನೆಗೆ ಹೋಗಿದ್ದೆ. ಚಹಾ ಕುಡಿಯುತ್ತ, ಆ ದನಿ ಮತ್ತೆಂದಾದರೂ ಕೇಳಿಸಿತೇ ಎಂದು ಕಿವಿಯ ಹತ್ತಿರ ಹೋಗಿ ಕೇಳಿದೆ.

"ಇಲ್ರಿ ಸಾಹೇಬ್ರ. ಅದು ಮತ್ತ ಕರಿಯೂ ಪ್ರಸಂಗಾನ ನಾವು ತರಲಿಲ್ಲಲ್ರಿ."