ಹುಲ್ಲಿನ ಆಂಟಿ
ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ಕನ್ನಡಿಗರಿಗೆಲ್ಲ ಜಲಜಾ ಎಂದರೆ ‘ಹುಲ್ಲಿನ ಆಂಟಿ’. ಕಳೆ ಗುರುತಿಸುವುದು ಆಕೆಯ ಸರ್ಕಾರಿ ಕೆಲಸ. ರಜೆಯಲ್ಲೂ ಆ ಕೆಲಸಕ್ಕೆ ರಜೆಯಿಲ್ಲ. ಗೃಹಪ್ರವೇಶಕ್ಕೆ ಹೋದರೂ ಮೊದಲು ನೋಡುವುದು ಹಿತ್ತಲನ್ನು. ಮೆಲ್ಬರ್ನ್‌ನ ಟ್ರುಗನಿನಾದಲ್ಲಿರುವ ತಂಗಿಯ ಮನೆಗೆ ಕಾರಿನಲ್ಲಿ ಹೊರಟರೆ ಹೆದ್ದಾರಿಯ ಬದಿಯ ಒಂದೊಂದು ಹುಲ್ಲಿನ ಬುಡಕ್ಕೂ ಇಳಿಯುತ್ತಾಳೆ. ತಂಗಿ ಮಧ್ಯಾಹ್ನಕ್ಕೆಂದು ಮಾಡಿದ ಸಾರನ್ನು ರಾತ್ರಿ ಬಿಸಿ ಮಾಡಬೇಕಾಗುತ್ತದೆ. “ಎಲ್ಲಾ ಹುಲ್ಲೇ ಕಣೇ, ಬಾ, ಹತ್ತು!” ಎಂದು ಗಂಡ ಸುಘೋಷ್ ಹಾರ್ನ್ ಹೊಡೆದರೆ ಪಾಠ ಶುರು: “ಅಲ್ಲ ರೀ, ಕೆಂಪು ತೆನೆಯದು ಇಲ್ಲಿಯ ಕಾಂಗರೂ ಹುಲ್ಲು, ಅದನ್ನ ಮುಟ್ಟಬಾರದು. ಬಿಳಿ ಕೂದಲಿನ ಜೋಡಿ ತೆನೆ ಇದ್ರೆ ಆಫ್ರಿಕಾದ ಕೂಲಟಾಯ್ ಕಳೆ. ಒಂದ್ಸಲ ಬೇರು ಬಿಟ್ರೆ ವರ್ಷವರ್ಷವೂ ಚಿಗುರಿ ಉಳಿದಿದ್ದನ್ನೆಲ್ಲ ಮುಗಿಸಿಬಿಡತ್ತೆ.” ಈ ಬೇಸಿಗೆಯ ಪ್ರಯಾಣದಲ್ಲಿ ಮಾತ್ರ ಆಕೆ ಎಲ್ಲಿಯೂ ಕಾರು ನಿಲ್ಲಿಸಿ ಎನ್ನಲಿಲ್ಲ. ಆಕೆಯ ದೃಷ್ಟಿಯ ನಡುಭಾಗ ಮಸುಕಾಗುತ್ತಿದೆ, ಹೋದದ್ದು ಮರಳುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹಿಂದಿನ ವಾರವಷ್ಟೇ ಹೇಳಿದ್ದರು. ದಾರಿಬದಿಯಲ್ಲಿ ಎತ್ತರದ ಹುಲ್ಲು ಕಂಡಾಗ ಸುಘೋಷ್ ತಾನಾಗಿಯೇ ಕಾರು ನಿಲ್ಲಿಸಿದ. ಆಕೆಯ ಕೈ ಹಿಡಿದು ಇಳಿಸಿಕೊಂಡು, ಇಸ್ತ್ರಿ ಮಾಡಿದ ಪ್ಯಾಂಟಿನ ಪರಿವೆಯಿಲ್ಲದೆ ಮಣ್ಣಿನಲ್ಲಿ ಮಂಡಿಯೂರಿದ. “ಜೋಡಿ ತೆನೆ ಇದೆ. ಬಿಳಿ ಕೂದಲೂ… ಇದೆ ಅನ್ಸತ್ತೆ.” “ಅನ್ಸತ್ತೆ ಅಂದ್ರೆ ಆಗಲ್ಲ ರೀ, ಸರಿಯಾಗಿ ನೋಡಿ,” ಎಂದಳು ಜಲಜಾ. ಆತ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದ.