ಮ್ಯಾಶ್ ಪೈಕಿಯವನು

ಅಬರ್ಡೀನ್ ಕಡೆಯ ಮೀನುಗಾರರ ಊರು ಪೋರ್ಟ್‌ಲ್ಯಾನಿಯಲ್ಲಿ ಮೇರ್ ಎಂಬ ಮನೆತನದ ಹೆಸರಿಲ್ಲದವರನ್ನು ನೋಡಬೇಕಾದರೆ ಪಾದ್ರಿಯ ಮನೆಗೋ ಬೇಕರಿಗೋ ಹೋಗಬೇಕು. ಉಳಿದವರೆಲ್ಲ ಮೇರ್. ಅಪ್ಪ ಮೇರ್, ಅಮ್ಮ ಮದುವೆಗೆ ಮುಂಚೆಯೂ ಮೇರ್, ದೋಣಿಯ ಆರು ಜನರಲ್ಲಿ ಐವರು ಮೇರ್, ಆರನೆಯವನು ಮೇರ್ ಮನೆಯ ಅಳಿಯ. ಹೋಗಲಿ, ಸ್ವಂತ ಹೆಸರನ್ನಾದರೂ ಬೇರೆ ಬೇರೆ ಇಟ್ಟುಕೊಂಡರೇ ಎಂದರೆ ಅದೂ ಇಲ್ಲ. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಎಂದು ಇಡುತ್ತ ಇಡುತ್ತ, ಒಂದು ಕಾಲಕ್ಕೆ ಆ ಅಂಗೈಯಗಲದ ಊರಿನಲ್ಲಿ ಹನ್ನೊಂದು ಜನ ವಿಲಿಯಂ ಮೇರ್ ಇದ್ದರು. ಹಾಗಾಗಿ ಪ್ರತಿ ಮನೆತನಕ್ಕೂ ಒಂದು ಅಡ್ಡಹೆಸರು. ಕಿಂಗ್, ಬೋ, ಲ್ಯಾಟಿನ್, ಮ್ಯಾಶ್, ಹೀಗೆ. ತಮಾಷೆಗೆ ಇಟ್ಟುಕೊಂಡದ್ದಲ್ಲ ಅದು. ಮತದಾರರ ಪಟ್ಟಿಯಲ್ಲಿ ಅಚ್ಚಾಗುತ್ತದೆ, ಸಮಾಧಿಯ ಕಲ್ಲಿನ ಮೇಲೂ ಕೆತ್ತುತ್ತಾರೆ.

ಮೀನಾ ಲ್ಯಾಟಿನ್ ಮನೆಯವಳು. ಅವಳ ಮುತ್ತಜ್ಜ ಯಾವುದೋ ಪ್ರಾರ್ಥನಾ ಸಭೆಯಲ್ಲಿ ಒಂದೇ ಒಂದು ಲ್ಯಾಟಿನ್ ಪದ ಆಡಿದನಂತೆ. ಯಾವ ಪದ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಆದರೂ ಆ ಮನೆಯವರು ನಾಲ್ಕು ತಲೆಮಾರಿನಿಂದ ತಾವು ಓದಿದ ಜನ ಎಂಬ ಗತ್ತಿನಲ್ಲೇ ಮೀನು ಹಿಡಿದುಕೊಂಡು ಬಂದಿದ್ದಾರೆ. ಮೀನಾಳ ಪೂರ್ತಿ ಹೆಸರು ವಿಲಿಯಮೀನಾ. ಗಂಡು ಹುಟ್ಟಿದರೆ ವಿಲಿಯಂ ಎಂದಿಡಲು ಕಾದಿದ್ದವರು, ಹೆಣ್ಣಾದಾಗ ತಯಾರಾಗಿದ್ದ ಹೆಸರನ್ನು ದಂಡ ಮಾಡಲು ಮನಸ್ಸು ಬಾರದೆ ಬಾಲ ಜೋಡಿಸಿದರು. ಅವಳಾದ ಮೇಲೆ ಆ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ.

ಇಪ್ಪತ್ತೊಂದಕ್ಕೆ ಅಂಚೆಚೀಲ ಹೆಗಲಿಗೇರಿತು, ಇಳಿದದ್ದು ಅರವತ್ತಕ್ಕೆ. ಸಮುದ್ರದ ಗಾಳಿ ಸೈಕಲ್ಲನ್ನು ಹಿಂದಕ್ಕೆ ನೂಕುವ ಊರಿನಲ್ಲಿ ಅವಳು ನಡೆದೇ ಕಾಗದ ಹಂಚಿದಳು. ಲಕೋಟೆಯ ಮೇಲೆ ಬರೀ 'ವಿಲಿಯಂ ಮೇರ್, ಪೋರ್ಟ್‌ಲ್ಯಾನಿ' ಎಂದಿದ್ದರೂ ಸಾಕು, ಕೈಬರಹ ನೋಡಿ ಇದು ಅಬರ್ಡೀನಿನಲ್ಲಿರುವ ಬೋ ಮನೆಯ ಮಗಳದು, ಇದು ಕಿಂಗ್ ಮನೆಯ ಸಾಲಗಾರನದು ಎಂದು ಹೇಳಿಬಿಡುತ್ತಿದ್ದಳು. ತೆರಿಗೆ ಇಲಾಖೆಯ ಕಾಗದ ಬಂದರೆ ಮಾತ್ರ ಹನ್ನೊಂದು ವಿಲಿಯಮರೂ ಒಬ್ಬರನ್ನೊಬ್ಬರು ತೋರಿಸುತ್ತಿದ್ದರು. ಅಲ್ಲೂ ಅವಳು ಸೋಲುತ್ತಿರಲಿಲ್ಲ. ಯಾರು ತನ್ನನ್ನು ಕಂಡು ಹಿತ್ತಿಲ ಕಡೆಯಿಂದ ಬಂದರಿಗೆ ಇಳಿದು ಓಡುತ್ತಾನೋ ಅವನ ಮನೆಗೆ ಹಾಕುತ್ತಿದ್ದಳು.

ಇಂಥವಳಿಗೆ ಬೇಹುಗಾರಿಕೆಯ ಕಾದಂಬರಿಗಳ ಹುಚ್ಚು ಹತ್ತಿದ್ದು ಆಶ್ಚರ್ಯವಲ್ಲ. ಹತ್ತಿಸಿದವನು ಲಂಡನ್ನಿನ ಲೇಖಕ ಕ್ಲೈವ್ ಮೇರ್. ಅವನ ಮೊದಲ ಪುಸ್ತಕದ ಹಿಂಬದಿಯಲ್ಲಿ, ಲೇಖಕರ ಅಜ್ಜ ವಿಲಿಯಂ ಮೇರ್ ಪೋರ್ಟ್‌ಲ್ಯಾನಿಯವರು ಎಂದು ಒಂದು ಸಾಲಿತ್ತು. ಮೀನಾಳ ಅಜ್ಜನ ತಮ್ಮ, ಲ್ಯಾಟಿನ್ ವಿಲಿಯಂ, ಹರೆಯದಲ್ಲಿ ಲಂಡನ್ನಿಗೆ ಹೋಗಿ ಎರಡು ಕಾಗದ ಬರೆದು ಸುಮ್ಮನಾದವನು. ಪದ್ಧತಿ ಬದಿಗಿಟ್ಟು ಅವಳಿಗೆ ಆ ಹೆಸರು ಇಟ್ಟದ್ದೂ ಅವನ ಹೆಸರು ಉಳಿಯಲೆಂದೇ. ಇನ್ನೇನು ಬೇಕು? ಕ್ಲೈವ್ ತನ್ನ ದಾಯಾದಿ ತಮ್ಮನಾಗಬೇಕು ಎಂದು ಮೀನಾ ಲೆಕ್ಕ ಹಾಕಿದಳು, ಊರೂ ಒಪ್ಪಿತು. ಲೈಬ್ರರಿಗೆ ಅವನ ಹೊಸ ಪುಸ್ತಕ ಬಂದರೆ ಮೊದಲು ಅವಳ ಕೈಗೇ ಕೊಡಬೇಕು. ಕಾದಂಬರಿಯಲ್ಲಿ ಅವನ ನಾಯಕ ನಾಲ್ಕು ಜನರನ್ನು ಕೊಂದರೆ, "ಅದು ಕೆಲಸದ ಮೇಲೆ ಕೊಂದಿದ್ದು, ಸ್ವಂತಕ್ಕಲ್ಲ" ಎಂದು ಬೇಕರಿಯಲ್ಲಿ ನಿಂತು ಸಮರ್ಥಿಸುತ್ತಿದ್ದಳು. ಒಡಹುಟ್ಟಿದವರಿಲ್ಲದ ಹೆಂಗಸಿಗೆ ಇಪ್ಪತ್ತು ವರ್ಷ ಹೀಗೆ ಒಬ್ಬ ತಮ್ಮನಿದ್ದ. ಪ್ರತಿ ಪುಸ್ತಕಕ್ಕೂ ಅವನಿಗೆ ಕಾಗದ ಬರೆಯುತ್ತಿದ್ದಳು. ಪ್ರತಿ ಕ್ರಿಸ್ಮಸ್ಸಿಗೂ ಅವನಿಂದ ಒಂದು ಕಾರ್ಡು ಬರುತ್ತಿತ್ತು.

ಇದನ್ನೆಲ್ಲ ಕಂಡರೆ ಮೈಯುರಿಯುತ್ತಿದ್ದುದು ಎದುರು ಮನೆಯ ಎಫಿಗೆ. ಎಫಿ ಮ್ಯಾಶ್ ಮನೆಯವಳು. ಮದುವೆಯಾಗಲಿಲ್ಲ, ಇದ್ದ ಅಣ್ಣನೂ ತೀರಿಕೊಂಡಿದ್ದ. ಓಣಿಯ ಈಚೆಗೆ ಮೀನಾ, ಆಚೆಗೆ ಎಫಿ. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಶುರುವಾದ ಅವರ ಜಗಳಕ್ಕೆ ನಲವತ್ತು ವರ್ಷವಾಗಿತ್ತು, ಇಬ್ಬರಿಗೂ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ.

"ಏನೇ, ನಿನ್ನ ತಮ್ಮ ಈ ಸಲ ಯಾರನ್ನ ಕೊಂದ?" ಎನ್ನುವಳು ಎಫಿ.

"ಓದಿದ್ರೆ ಗೊತ್ತಾಗತ್ತೆ. ಅಕ್ಷರ ಬರಬೇಕಲ್ಲ."

"ಅಕ್ಷರ ಬರತ್ತಮ್ಮ. ಸುಳ್ಳು ಓದೋಕೆ ಪುರುಸೊತ್ತಿಲ್ಲ."

ಆ ವರ್ಷ ಊರಿನ ಸಮಿತಿಗೆ ಒಂದು ಯೋಚನೆ ಬಂತು. ಸಮಿತಿ ಎಂದರೆ ಬೇಕರಿಯ ಲೆಸ್ಲಿ. ಪಕ್ಕದ ಊರಿನವರು ಯಾರೋ ಕ್ಯಾಪ್ಟನ್ ಹುಟ್ಟಿದ ಮನೆಗೆ ಫಲಕ ಹಾಕಿಸಿದ್ದು ಅವನ ನಿದ್ದೆ ಕೆಡಿಸಿತ್ತು. ಮೀನಾ ಹುಟ್ಟಿ ಬೆಳೆದು ಈಗಲೂ ಇದ್ದ ಲ್ಯಾಟಿನ್ ಮನೆಯ ಗೋಡೆಯ ಮೇಲೆ 'ಲೇಖಕ ಕ್ಲೈವ್ ಮೇರ್ ಅವರ ಅಜ್ಜ ಹುಟ್ಟಿದ ಮನೆ' ಎಂಬ ಹಿತ್ತಾಳೆ ಫಲಕ, ಲೇಖಕನ ಕೈಯಿಂದಲೇ ಅನಾವರಣ, ಆಮೇಲೆ ಮೀನಾಳ ಮನೆಯಲ್ಲಿ ಚಹ. ಕ್ಲೈವ್ ಒಪ್ಪಿದ. ಶನಿವಾರ ಎಂದು ಗೊತ್ತಾಯಿತು.

ಬುಧವಾರ ಮಧ್ಯಾಹ್ನ ಮೀನಾ ಕಿಟಕಿಯ ಅಂಚಿಗೆ ನೀಲಿ ಬಣ್ಣ ಬಳಿಯುತ್ತಿದ್ದಾಗ ಫೋನು ಬಡಿದುಕೊಂಡಿತು. ಲಂಡನ್ನಿನಿಂದ ಅವನೇ. ದಾರಿ ಕೇಳಲು ಮಾಡಿದ್ದ. ಕಾರ್ಡಿನಲ್ಲಿ ಎರಡೇ ಸಾಲು ಬರೆಯುವವನು ಫೋನಿನಲ್ಲಿ ಬಲು ಮಾತುಗಾರ. ಅವನ ದನಿ ಕೇಳುತ್ತ ಅವಳಿಗೆ ಬ್ರಷ್ಷಿನಿಂದ ಬಣ್ಣ ಚಪ್ಪಲಿಯ ಮೇಲೆ ತೊಟ್ಟಿಕ್ಕುವುದೂ ತಿಳಿಯಲಿಲ್ಲ.

"ಅಕ್ಕ, ಅಜ್ಜನ ಬಗ್ಗೆ ನನಗೆ ಏನೂ ಗೊತ್ತಿಲ್ಲ," ಎಂದ ಕ್ಲೈವ್. "ಊರಿನ ಮಾತೇ ಆಡ್ತಿರಲಿಲ್ಲವಂತೆ. ಅಪ್ಪ ಮಾತ್ರ, ನಾನು ಹಟ ಹಿಡಿದಾಗೆಲ್ಲ, 'ಥೇಟ್ ಮ್ಯಾಶ್ ಕಣೋ ನೀನು' ಅಂತಿದ್ರು. ನಾನು ಬೇಯಿಸಿ ಕಿವುಚಿದ ಆಲೂಗಡ್ಡೆ ಅಂದ್ಕೊಂಡಿದ್ದೆ. ನಿಮ್ಮ ಕಡೆ ಆ ಮಾತಿಗೆ ಬೇರೆ ಏನಾದ್ರೂ ಅರ್ಥ ಇದೆಯಾ?"

ಮೀನಾ ಗೋಡೆಗೆ ಒರಗಿದಳು. ಊರಿನ ಹೊರಗೆ ಯಾರ ಬಾಯಲ್ಲೂ ಬರದ ಹೆಸರು ಅದು. ಇಡೀ ಕರಾವಳಿಯಲ್ಲಿ ಆ ಹೆಸರಿನ ಮನೆ ಒಂದೇ ಇದ್ದದ್ದು, ಅದರ ಬಾಗಿಲು ಅವಳ ಕಿಟಕಿಯಿಂದ ಕಾಣುತ್ತಿತ್ತು. ಎಫಿಯ ಅಪ್ಪನಿಗೂ ಒಬ್ಬ ತಮ್ಮನಿದ್ದ. ಅವನೂ ವಿಲಿಯಂ. ದೋಣಿಯ ಪಾಲಿನ ಜಗಳದಲ್ಲಿ ಅಣ್ಣನಿಗೆ ಎರಡು ಬಾರಿಸಿ ಊರು ಬಿಟ್ಟವನು ಕೆನಡಾಕ್ಕೆ ಹೋದ ಎಂದು ಎಲ್ಲರೂ ತಿಳಿದಿದ್ದರು.

"ಇಲ್ಲಪ್ಪ," ಎಂದಳು ಮೀನಾ. "ಆಲೂಗಡ್ಡೇನೇ ಇರಬೇಕು."

ಫೋನು ಇಟ್ಟವಳು ಅಡುಗೆಮನೆಯಲ್ಲಿ ಕೂತು ಸ್ವಲ್ಪ ಹೊತ್ತು ಅತ್ತಳು. ಅರವತ್ತನಾಲ್ಕು ವರ್ಷದ ಹೆಂಗಸು, ಮುಖ ನೋಡಿರದ ಗಂಡಸಿಗಾಗಿ ಅಳುವುದೆಂದರೇನು ಎಂದು ತನ್ನನ್ನೇ ಬೈದುಕೊಂಡಳು, ಮತ್ತೆ ಅತ್ತಳು. ತಮ್ಮ ಹೋದದ್ದು ಒಂದು ಸಂಕಟ, ಹೋಗಿ ಹೋಗಿ ಎಫಿಯ ಪಾಲಾದದ್ದು ಇನ್ನೊಂದು.

ಗುಟ್ಟು ಹೇಳಿಕೊಳ್ಳಲು ಗಂಡ ಸ್ಯಾಂಡಿಗಿಂತ ಒಳ್ಳೆಯವರಿರಲಿಲ್ಲ. ದೋಣಿಯ ಎಂಜಿನ್ನಿನ ಪಕ್ಕ ಮೂವತ್ತು ವರ್ಷ ಕೂತು ಅವನ ಕಿವಿ ಪೂರಾ ಮಂದವಾಗಿತ್ತು. ಮೀನಾ ಮೆಲ್ಲಗೆ ಎಲ್ಲವನ್ನೂ ಅವನಿಗೆ ಹೇಳಿದಳು. ತಾನು ಬಾಯಿ ಮುಚ್ಚಿಕೊಂಡರೆ ಇದು ಯಾರಿಗೂ ಎಂದೆಂದಿಗೂ ಗೊತ್ತಾಗುವುದಿಲ್ಲ ಎಂದೂ ಹೇಳಿದಳು. ಸ್ಯಾಂಡಿ ಗಮನವಿಟ್ಟು ಅವಳ ತುಟಿ ನೋಡಿದ.

"ಬೇಡ," ಎಂದ. "ರಾತ್ರಿಗೆ ಸೂಪ್ ಸಾಕು."

ಗುರುವಾರ ಅವಳು ಬಾಯಿ ಮುಚ್ಚಿಕೊಂಡೇ ಇರುವುದೆಂದು ತೀರ್ಮಾನಿಸಿದಳು. ಕ್ಲೈವನ ಪುಸ್ತಕಗಳಲ್ಲಿ ಎಂತೆಂಥ ಗುಟ್ಟನ್ನು ಎಷ್ಟೆಷ್ಟು ವರ್ಷ ಇಟ್ಟುಕೊಂಡವರಿಲ್ಲ? ಅವರ ಉಗುರು ಕಿತ್ತರೂ ಹೇಳಲಿಲ್ಲ, ನನ್ನ ಉಗುರಿಗೆ ಯಾರೂ ಕೈ ಹಾಕಿಲ್ಲವಲ್ಲ ಎಂದುಕೊಂಡಳು. ಚಹದ ಜೊತೆಗೆಂದು ಸ್ಕೋನು ಎಂಬ ಸಿಹಿ ಬನ್ನು ಬೇಯಿಸಿದಳು, ಓಟ್ಸಿನ ರೊಟ್ಟಿ ಸುಟ್ಟಳು. ಮೊದಲ ಸಲದ ಸ್ಕೋನು ಕಲ್ಲಾಗಿತ್ತು, ಕಡಲಹಕ್ಕಿಗಳಿಗೆ ಹಾಕಿದಳು. ಅವೂ ಎರಡು ಸಲ ಯೋಚಿಸಿದವು.

ಶುಕ್ರವಾರ ಸಂಜೆ ಎಫಿ ಓಣಿ ದಾಟಿ ಬಂದಳು. ನಲವತ್ತು ವರ್ಷದಲ್ಲಿ ಅವಳು ಹೊಸ್ತಿಲವರೆಗೆ ಬಂದದ್ದು ಸಾವು ನೋವಿಗೆ ಮಾತ್ರ. ಕೈಯಲ್ಲಿ ಪೇಪರು ಸುತ್ತಿದ ಒಂದು ರಟ್ಟಿನ ಡಬ್ಬಿ.

"ನಿನ್ನ ಮನೇಲಿ ಜೋಡಿ ಆಗೋ ಕಪ್ಪು ಐದೇ ಇರೋದು," ಎಂದಳು. "ಆರನೇದರ ಕಿವಿ ನೀನು ಮುರಿದಿದ್ದು ಓಣಿಗೆಲ್ಲ ಕೇಳಿಸ್ತು. ಇವು ನಮ್ಮಮ್ಮಂದು, ಹನ್ನೆರಡಿವೆ. ಬಂದೋನ ಮುಂದೆ ಊರಿನ ಮರ್ಯಾದೆ ಕಳೀಬೇಡ."

"ನಿನಗೆ ಬೇಕಾಗಲ್ವೇನೆ?"

"ನನ್ನ ಮನೆಗೆ ಯಾರು ಬರ್ತಾರೆ ಕುಡಿಯೋಕೆ?" ಎಂದಳು ಎಫಿ, ಇವತ್ತು ಗಾಳಿ ಬಡಗಣದ್ದು ಎನ್ನುವ ಹಾಗೆ. "ನಾನು ಹೋದ್ರೆ ಮ್ಯಾಶ್ ಅನ್ನೋ ಹೆಸರೂ ಹೋಯ್ತು, ಕಪ್ಪೂ ಹೋಯ್ತು. ಮುರಿದ್ರೆ ಮುರಿ. ಬೈಯೋದಂತೂ ಬೈತೀನಿ."

ಅವಳು ಹೋದ ಮೇಲೆ ಮೀನಾ ಕಪ್ಪುಗಳನ್ನು ಒಂದೊಂದಾಗಿ ತೊಳೆದು ಒರೆಸಿದಳು. ಒಳ್ಳೆಯ ತೆಳು ಪಿಂಗಾಣಿ. ಎಫಿ ಎಂದಿನಂತೆ ಚುಚ್ಚಿ ಮಾತಾಡಿದ್ದರೆ ಗುಟ್ಟು ಭದ್ರವಾಗಿರುತ್ತಿತ್ತು. ಹಾಳಾದವಳು ಒಳ್ಳೆಯವಳಾಗಿಬಿಟ್ಟಳು. ಮೂವತ್ತೊಂಬತ್ತು ವರ್ಷ ಮೀನಾ ಒಬ್ಬರ ಕಾಗದವನ್ನು ಇನ್ನೊಬ್ಬರ ಮನೆಗೆ ಹಾಕಿದವಳಲ್ಲ. ಈಗ ಒಬ್ಬ ಇಡೀ ಮನುಷ್ಯನನ್ನೇ ತನ್ನ ಮನೆಯಲ್ಲಿ ಇಳಿಸಿಕೊಳ್ಳಲು ಹೊರಟಿದ್ದಳು. ತಾನು ಹೊರಟಿರುವುದಕ್ಕೆ ಕಳ್ಳತನವಲ್ಲದೆ ಬೇರೆ ಹೆಸರಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ದಿನ ಓಣಿ ದಾಟಲಿಲ್ಲ.

ಶನಿವಾರ ಸಮುದ್ರದ ಮಂಜು ಹತ್ತು ಗಂಟೆಗೇ ಹರಿದು ಒಳ್ಳೆಯ ಬಿಸಿಲು ಬಂತು. ಓಣಿಯ ತುಂಬ ಜನ. ಎಫಿ ಮಾತ್ರ ಬರಲಿಲ್ಲ, ತನ್ನ ಕಿಟಕಿಯ ಗಾಜನ್ನು ಒಳಗಿನಿಂದ ಒರೆಸುತ್ತಿದ್ದಳು. ಅರ್ಧ ಗಂಟೆಯಿಂದ ಒಂದೇ ಗಾಜು. ಕ್ಲೈವ್ ಮೇರ್ ಬಂದ. ಪುಸ್ತಕದ ಹಿಂಬದಿಯ ಫೋಟೋದಲ್ಲಿ ಕಾಣುವಷ್ಟು ಎತ್ತರವಿರಲಿಲ್ಲ, ತಲೆ ಅರ್ಧ ಬೋಳು, ನಗುಮುಖ. ಗದ್ದವನ್ನು ಮುಂದಕ್ಕೆ ಚಾಚಿ ನಡೆಯುವ ರೀತಿಯನ್ನು ಮೀನಾ ಗುರುತು ಹಿಡಿದಳು. ಎಫಿಯ ಅಣ್ಣ ಬಂದರಿನಿಂದ ಹತ್ತಿ ಬರುತ್ತಿದ್ದುದೂ ಹಾಗೇ. ಇಷ್ಟು ಜನರಿಗೆ ಕಾಣುತ್ತಿಲ್ಲವೇ ಎಂದು ಸುತ್ತ ನೋಡಿದಳು. ಎಲ್ಲರೂ ಅವನ ಕೋಟು ನೋಡುತ್ತಿದ್ದರು.

"ಅಕ್ಕ," ಎಂದು ಅವನು ಅವಳ ಎರಡೂ ಕೈ ಹಿಡಿದುಕೊಂಡ. ಆ ಒಂದು ಗಳಿಗೆ ಅವಳದೇ ಆಗಿತ್ತು. ಅದನ್ನು ಅವಳು ಪೂರ್ತಿ ಅನುಭವಿಸಿದಳು.

ಲೆಸ್ಲಿ ತನ್ನ ಭಾಷಣ ಮುಗಿಸಿ, ಫಲಕದ ಮೇಲಿನ ಬಟ್ಟೆಯ ದಾರವನ್ನು ಕ್ಲೈವನ ಕೈಗೆ ಕೊಟ್ಟ.

"ತಾಳಿ," ಎಂದಳು ಮೀನಾ. "ನಿಮ್ಮಪ್ಪ ನಿಮಗೆ ಏನಂತ ಬೈತಿದ್ರು, ಇವರಿಗೆಲ್ಲ ಒಂದ್ಸಲ ಹೇಳಿ."

ಕ್ಲೈವ್ ನಕ್ಕ. "ಇಲ್ಲೇನಾ? 'ಥೇಟ್ ಮ್ಯಾಶ್ ಕಣೋ ನೀನು' ಅಂತ."

ಓಣಿಯಲ್ಲಿದ್ದ ಅಷ್ಟೂ ತಲೆಗಳು ಒಟ್ಟಿಗೆ ಎದುರು ಮನೆಯ ಕಿಟಕಿಯ ಕಡೆ ತಿರುಗಿದವು. ಗಾಜಿನ ಹಿಂದೆ ಒರೆಸುವ ಕೈ ನಿಂತಿತು.

"ಅದು ಆಲೂಗಡ್ಡೆ ಅಲ್ಲಪ್ಪ," ಎಂದಳು ಮೀನಾ. "ಅದು ಮನೆ ಹೆಸರು. ನಾನು ನಿಮಗೆ ಸುಳ್ಳು ಹೇಳಿದೆ. ನೀವು ನಮ್ಮ ಪೈಕಿ ಅಲ್ಲ. ಆಗಿದ್ರೆ ಎಷ್ಟು ಚೆನ್ನಾಗಿತ್ತು ಅಂತ ನನಗೊಬ್ಬಳಿಗೇ ಗೊತ್ತು. ಬನ್ನಿ."

"ಫಲಕ ಕೆತ್ತಿಸಿ ಆಗಿದೆ," ಎಂದು ಲೆಸ್ಲಿ ನರಳಿದ.

"ಅದರಲ್ಲಿ ಯಾವ ಮನೆ ಅಂತ ಬರೆದಿಲ್ವಲ್ಲ. ಕಿತ್ತು ಎದುರು ಗೋಡೆಗೆ ಹೊಡಿ. ನಾಲ್ಕು ಸ್ಕ್ರೂ ತಾನೆ."

ಅವನನ್ನು ತೋಳು ಹಿಡಿದು ಓಣಿ ದಾಟಿಸಿ ಮೀನಾ ಬಾಗಿಲು ಬಡಿದಳು. ಎಫಿ ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ಬಂದು ನಿಂತಳು. ಬಾಗಿಲಿಗೆ ಬಂದ ಯಾರನ್ನಾದರೂ ಈ ಊರಿನಲ್ಲಿ ಮೊದಲು ಕೇಳುವುದು ಒಂದೇ ಮಾತು. ಎಫಿಯೂ ಅದನ್ನೇ ಕೇಳಿದಳು.

"ನೀನು ಯಾರ ಪೈಕಿಯವನಪ್ಪಾ?"

ಕ್ಲೈವ್ ಮೀನಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು.

"ಮ್ಯಾಶ್ ಪೈಕಿ," ಎಂದ.

ಎಫಿ ಅವನ ಗದ್ದವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಮಾರುಕಟ್ಟೆಯಲ್ಲಿ ಮೀನು ನೋಡುವ ಹಾಗೆ ನೋಡಿದಳು. ಆಮೇಲೆ ಒರೆಸುವ ಬಟ್ಟೆಯಿಂದಲೇ ಕಣ್ಣು ಒತ್ತಿಕೊಂಡಳು. "ಒಳಗೆ ಬಾ," ಎಂದಳು, "ಹೊರಗೆ ಗಾಳಿ." ಮೀನಾ ಮೆಲ್ಲಗೆ ಹಿಂದೆ ಸರಿದು ತನ್ನ ಮನೆಯ ಕಡೆ ಹೊರಟಳು.

"ಏ ನಿಲ್ಲೇ," ಎಂದಳು ಎಫಿ. "ನಿನಗೆ ಯಾವಾಗಿಂದ ಗೊತ್ತಿತ್ತು?"

"ಬುಧವಾರದಿಂದ."

"ಅಂದ್ರೆ ಮೂರು ದಿನ ಹೊಟ್ಟೇಲಿ ಇಟ್ಕೊಂಡಿದ್ದೆ."

"ಹೂಂ."

ಎಫಿ ಅವಳನ್ನು ದುರುಗುಟ್ಟಿಕೊಂಡು ನೋಡಿದಳು. ಈಗ ನಲವತ್ತು ವರ್ಷದ ಬೈಗುಳವೆಲ್ಲ ಒಟ್ಟಿಗೆ ಬರುತ್ತದೆಂದು ಮೀನಾ ಕಾದು ನಿಂತಳು.

"ನಾನಾಗಿದ್ದಿದ್ರೆ ಸಾಯೋ ತನಕ ಬಾಯಿ ಬಿಡ್ತಿರಲಿಲ್ಲ ಕಣೇ," ಎಂದು ಎಫಿ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದಳು. "ಬಾ, ಬಂದು ಕೂತ್ಕೋ. ಇವನು ಏನೇನು ಬರೆದಿದ್ದಾನೋ ನನಗೆ ಯಾರು ಹೇಳ್ತಾರೆ?"